ಎಡದಿಂದ ಬಲಕ್ಕೆ

ಡಂಡೀ ಊರಿನ ಪರ್ತ್ ರೋಡು, ದಾನದಂಗಡಿ, ಆರು ಪೌಂಡು.
ಹಳೆಯ ಮಾನಿಟರು. ಎಡ ಮೂಲೆಯಲ್ಲಿ
ಯಾವುದೋ ಶಾಲೆಯ ಸ್ಟಿಕ್ಕರು, ಕಾಲು ಸ್ವಲ್ಪ ಸೊಟ್ಟ.
ಶಾಂಭವಿ ಅದನ್ನು ಹೊದಿಕೆಯಲ್ಲಿ ಸುತ್ತಿ
ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದಳು.
(ಆ ಬಸ್ಸಿನ ವೇಳಾಪಟ್ಟಿ ಬರೆಯುತ್ತಿದ್ದವನು ನಾನೇ.
ಇವತ್ತು ನಾಲ್ಕು ನಿಮಿಷ ತಡವಂತೆ.)

"ಎಡಕ್ಕಿಡಿ" ಎಂದಿದ್ದಳು ಆಸ್ಪತ್ರೆಯ ಐಲ್ಸಾ,
"ಇವರಿಗೆ ಇಷ್ಟವಾದದ್ದನ್ನೆಲ್ಲ ಎಡಕ್ಕೇ ಇಡಿ,
ಕತ್ತು ತಿರುಗಲಿ."

ಫೆಬ್ರವರಿಯಲ್ಲಿ ತಲೆಯೊಳಗೊಂದು ನರ ಕಟ್ಟಿಕೊಂಡಾಗಿನಿಂದ
ನನಗೆ ಎಡವಿಲ್ಲ.
ಕತ್ತಲೆ ಅಂದುಕೊಳ್ಳಬೇಡಿ, ಕತ್ತಲೆಯಾದರೆ ಕಂಡೀತು.
ನಿಮ್ಮ ಬೆನ್ನ ಹಿಂದೆ ಈಗ ಯಾವ ಬಣ್ಣ ಕಾಣುತ್ತಿದೆ,
ಹೇಳಿ. ಹಾಗೆ.
ಅರ್ಧ ತಟ್ಟೆ ಉಳಿಸಿ, ಇನ್ನೂ ಹಸಿವು ಎಂದೆ.
ಶಾಂಭವಿ ಮಾತಾಡದೆ ತಟ್ಟೆ ತಿರುಗಿಸಿದಳು.
ಉಪ್ಪು, ಉಪ್ಪಿನಕಾಯಿ, ಕೋಸಂಬರಿ,
ನಾಲಿಗೆಗೆ ಬೇಕಾದದ್ದನ್ನೆಲ್ಲ ಎಡಕ್ಕೆ ಬಡಿಸುವ ಜನ ನಾವು
ಎಂಬುದು ಅವತ್ತು ಹೊಳೆಯಿತು.
ಎಡವುವುದು, ಎಡವಟ್ಟು, ಎಡಬಿಡಂಗಿ:
ಮೂವತ್ತು ವರ್ಷ ಪದಬಂಧ ಹೆಣೆದವನಿಗೆ
ಭಾಷೆ ಮೊದಲೇ ಸುಳಿವು ಕೊಟ್ಟಿತ್ತು.
ನಾನೇ ಓದಿರಲಿಲ್ಲ.

ಮೇಜಿನಡಿಯಿಂದ ಅವಳ ಪಾದ ಮಾತ್ರ ಹೊರಗೆ.
"ಇದು ತೂರ್ತಿಲ್ಲ ಕಣ್ರೀ."
"ತಲೆಕೆಳಗಾಗಿ ಹಿಡಿದಿದ್ದೀಯ."
"ಈಗ ತೂರಿತು."
ಪರದೆ ಎದ್ದಿತು, ಸಿಗ್ನಲ್ ಇಲ್ಲ ಎಂದಿತು, ಮತ್ತೆ ಮಲಗಿತು.
ಡಬ್ಬದ ಬೆನ್ನಿಗೆ ಒಂದೇ ಬಗೆಯ ತೂತು ಎರಡು ಕಡೆ:
ಮೇಲಿನದು ಬರೀ ತೋರಿಕೆಗೆ,
ಕೆಳಗೆ ಅಡ್ಡ ಕೂತ ಕಾರ್ಡಿನದೇ ಅಸಲು.
ಅರ್ಧ ಗಂಟೆ ಮಹಡಿಯ ಬಾಗಿಲು ಬಡಿದಿದ್ದೆವು,
ಸಂಸಾರವೆಲ್ಲ ಕೆಳಗಿತ್ತು.
ಬದಲಿಸಿದಳು. ಬೆಳಕು.

ಮೊದಲು ಎರಡರಲ್ಲೂ ಒಂದೇ ಚಿತ್ರ, ಅವಳಿಜವಳಿ.
"ನಕಲು ಬೇಡ, ವಿಸ್ತರಿಸು" ಅಂದೆ. ವಿಸ್ತರಿಸಿತು.
ಆದರೆ ಬಾಣದ ಗುರುತು
ಎಡ ಅಂಚಿಗೆ ಹೋಗಿ ಹಣೆ ಚಚ್ಚಿಕೊಂಡು ನಿಂತಿತು.
ಬಲಕ್ಕೆ ದೂಡಿದರೆ ಬಲದಲ್ಲಿ ಮಾಯ,
ಎಡದ ಪರದೆಯಲ್ಲಿ ಹುಟ್ಟಿತಂತೆ, ಅವಳು ಹೇಳಿದ್ದು.
ಯಂತ್ರದ ಲೆಕ್ಕದಲ್ಲಿ ಎರಡನೆಯದು ಬಲಕ್ಕೇ ಇರಬೇಕು.
"ನೋಡು, ಇದಕ್ಕೂ ನನ್ನದೇ ಕಾಯಿಲೆ" ಎಂದೆ.
ಶಾಂಭವಿ ನಕ್ಕಳೋ ಏನೋ.
ಅವಳು ಕೂತದ್ದು ಆ ಕಡೆ.

ಸೆಟ್ಟಿಂಗ್ಸಿನಲ್ಲಿ ಒಂದು, ಎರಡು ಎಂದು ಬರೆದ ಬೂದು ಚೌಕಗಳು.
ಎರಡನ್ನು ಹಿಡಿದು, ಒಂದರ ನೆತ್ತಿಯ ಮೇಲಿಂದ ದಾಟಿಸಿ
ಎಡಕ್ಕೆ ಇಳಿಸಿದಳು.
ಪರದೆಗಳೆರಡೂ ಕಣ್ಣು ಮುಚ್ಚಿ ತೆರೆದವು.
ಡಬ್ಬಕ್ಕೆ ವಾಸಿಯಾಯಿತು.
ನನಗೆ ಅಂಥ ಗುಂಡಿ ಇಲ್ಲ;
ವರ್ಷಗಳಾಗಬಹುದು, ಆಗದೆಯೂ ಇರಬಹುದು
ಎಂದು ಐಲ್ಸಾ ಸುತ್ತಿ ಬಳಸದೆ ಹೇಳಿದ್ದಾಳೆ.

ಈಗ ಪದಬಂಧದ ಮನೆಗಳು ಬಲದ ಪರದೆಗೆ,
ಸುಳಿವುಗಳೆಲ್ಲ ಎಡಕ್ಕೆ.
ಒಂದೊಂದು ಸುಳಿವಿಗೂ ಕತ್ತು ಹೊರಡಬೇಕು,
ಟೇ ಸೇತುವೆಯ ತಿರುವಿನಲ್ಲಿ ರೈಲು ತೆವಳುವ ಹಾಗೆ,
ಗಲ್ಲ ಭುಜಕ್ಕೆ ತಾಗುವ ತನಕ.
ಶಾಲೆಯ ಸ್ಟಿಕ್ಕರು ಕಂಡರೆ ನಿಲ್ದಾಣ ಬಂತು.
ಎಷ್ಟೋ ಸಲ ನಡುವೆಯೇ ಇಳಿದುಬಿಡುತ್ತೇನೆ,
ಅರ್ಧ ಸುಳಿವಿಗೆ ಪೂರ್ತಿ ಉತ್ತರ ಬರೆದು ಬೈಸಿಕೊಳ್ಳುತ್ತೇನೆ.

ನವೆಂಬರು. ನಾಲ್ಕು ಗಂಟೆಗೇ ದೀಪ ಹಾಕುವ ಊರು.
ಪಟ್ಟಿಯ ನಡುವೆ ನಾನು ಬರೆಯದ ಒಂದು ಸಾಲು:

೭. ಪಕ್ಕದಲ್ಲೇ ಕೂತರೂ ಕಾಣದವಳು (೩)

ಹೆಂಡತಿ. ಮಡದಿ. ಶಾಂಭವಿ.
ಮೂರಕ್ಕೂ ಮೂರೇ ಅಕ್ಷರ.
ಕೊನೆಯ ಮನೆಯಲ್ಲೊಂದು ಗುಡಿಸು ಇದೆ, ಅಷ್ಟು ಖಾತ್ರಿ.
ಉಳಿದದ್ದು ಗೊತ್ತಾಗಲು
ಮೇಲಿನಿಂದ ಕೆಳಕ್ಕೆ ನಾಲ್ಕನ್ನು ಬಿಡಿಸಬೇಕು.
ಅದರ ಸುಳಿವು
ಇನ್ನೂ ಸ್ವಲ್ಪ ಎಡಕ್ಕಿದೆಯಂತೆ.