ಏಳನೇ ಕಂಬದ ಲೆಕ್ಕ

ಬೆಳಿಗ್ಗೆ ಆರಕ್ಕೆ ಗುಡ್ಡ ಹತ್ತುತ್ತೇನೆ.
ಒಂದು ನೋಟ್‌ಬುಕ್ಕು, ಒಂದು ಟೇಪು, ನಾಲ್ಕು ಜಿಪ್ಪಿನ ಕವರು.
ಕಂಬದ ಬುಡದಿಂದ ಶುರುಮಾಡಿ
ಐದೈದು ಮೀಟರಿಗೊಂದು ಸುತ್ತು,
ನೂರು ಮೀಟರ್ ಆಗುವವರೆಗೂ ನೆಲದ ಮೇಲೇ ಕಣ್ಣು.
ತಲೆಯ ಮೇಲೆ ತಿರುಗುವುದನ್ನು ನೋಡುವುದು
ನನ್ನ ಕೆಲಸವಲ್ಲ.

ಸತ್ತ ಹಕ್ಕಿ ಎಣಿಸಿದರೆ ದಿನಕ್ಕೆ ನಾನೂರೈವತ್ತು.
ಒಂದೂ ಸಿಗದಿದ್ದರೂ ಅಷ್ಟೇ.

ನಾಗಮಂಗಲದ ಸಂತೆಬೀದಿಯಲ್ಲಿ
ಕೋಳಿ ಅಂಗಡಿ ಇದಾಯತ್ತಣ್ಣ ಕೇಳುತ್ತಾನೆ:
'ಈ ವಾರ ಎಷ್ಟು ಬಿದ್ವಮ್ಮ? ಪಾಪ, ಬಾಯಿಲ್ದ ಜೀವ.'
ಅವನ ಎಡಗೈಯಲ್ಲಿ ಒಂದು ಕತ್ತು.
ಮರುಕ ಮಾತ್ರ ನಿಜವಾದದ್ದು.

ಆಷಾಢದಿಂದ ಇಲ್ಲಿಯವರೆಗೆ:
ಗರುಡ ಒಂದು. ಒಂದೂ ಅಲ್ಲ, ಅರ್ಧ.
ಗರುಡ ಕಂಡರೆ ಕೆನ್ನೆ ಮುಟ್ಟಿ ಕೈಮುಗಿಯಬೇಕು,
ನಾನು ಜಿಪ್ಪು ಎಳೆದೆ.
ಹೆಸರು ಗೊತ್ತಿಲ್ಲದ ಕಂದು ಹಕ್ಕಿ ಎರಡು.
ಕಣ್ಕಪ್ಪಡಿ ಹದಿಮೂರು.
ಇವುಗಳ ಮೈಮೇಲೆ ಗೀರೂ ಇಲ್ಲ,
ಮಡಿಸಿಟ್ಟ ಕೊಡೆಯ ಹಾಗೆ ಮಲಗಿರುತ್ತವೆ.
ರೆಕ್ಕೆ ತಾಕದಿದ್ದರೂ ಅದರ ಬೆನ್ನಹಿಂದೆ
ಗಾಳಿ ಒಮ್ಮೆಗೇ ತೆಳ್ಳಗಾಗುತ್ತದಂತೆ,
ಒಳಗೆ ಶ್ವಾಸಕೋಶ ಒಡೆಯುತ್ತದಂತೆ.
'ಇರಬಹುದು, ಇನ್ನೂ ಗ್ಯಾರಂಟಿ ಇಲ್ಲ' ಎಂದರು ಆಯಿಷಾ ಮೇಡಂ,
ಮೈಸೂರಿನಿಂದ ತಿಂಗಳಿಗೊಮ್ಮೆ ಬರುವವರು.

ಗುಡ್ಡದ ಕೆಳಗೆ ಕೆಂಪಾಜಮ್ಮನಿಗೆ ನಿದ್ದೆಯಿಲ್ಲ.
'ರಾತ್ರಿಯೆಲ್ಲ ಯಾರೋ ಮೊರದಲ್ಲಿ ರಾಗಿ ಕೇರ್ದಂಗೆ ಕಣವ್ವ,
ಸುಯ್ಯ್... ಸುಯ್ಯ್...
ಕೇರದು ನಿಲ್ಲದಿಲ್ಲ, ಕಾಳು ಕಾಣದಿಲ್ಲ.'
ಅಳೆಯುವವರು ಬಂದರು. ಸ್ಪಂಜಿನ ಟೋಪಿಯ ಮೈಕನ್ನು
ಅವಳ ಜಗಲಿಯಲ್ಲಿ ನೆಟ್ಟರು.
ಅವತ್ತೇ ಗಾಳಿ ಬಿದ್ದುಹೋಯಿತು.
ಮೈಕಿಗೆ ಸಿಕ್ಕಿದ್ದು ನಾಲೆ ಬಯಲಿನ ಆಲೆಮನೆ ಇಂಜಿನ್ನು,
ಕಬ್ಬಿನ ಟ್ರ್ಯಾಕ್ಟರು, ಅವಳದೇ ಹುಂಜ.
ಮತ್ತೆ ಬಂದರು. ನಲವತ್ತೊಂದು, ಎಂದರು. ಮಿತಿಯೊಳಗೇ ಇದೆ.
'ನಲವತ್ತೊಂದಕ್ಕೆ ಎಷ್ಟೊತ್ತು ನಿದ್ದೆ ಬತ್ತದಪ್ಪ?'
ಅದಕ್ಕೆ ಅವರ ಬಳಿ ಮೀಟರಿರಲಿಲ್ಲ.

ಕಂಬ ತಮ್ಮ ಹೊಲದಲ್ಲೇ ಇರುವ ಜವರಪ್ಪನವರಿಗೆ
ವರ್ಷ ವರ್ಷ ಬಾಡಿಗೆ. ಆ ಮನೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ.
ಸುಳ್ಳು ಹೇಳುತ್ತಿಲ್ಲ ಅವರು.
ನಿಜಕ್ಕೂ ಕೇಳಿಸುವುದಿಲ್ಲ.

ನಾನೂ ಒಂದು ರಾತ್ರಿ ಕೆಂಪಾಜಮ್ಮನ ಪಕ್ಕ ಚಾಪೆ ಹಾಸಿದೆ.
ಮೊದಲು ಏನೂ ಇರಲಿಲ್ಲ.
'ಈಗ, ಈಗ ಕೇಳು' ಎಂದಳು; ಕೇಳಿತು.
ಇದ್ದದ್ದಕ್ಕೆ ಕೇಳಿತೋ, ಅವಳು ಅಂದದ್ದಕ್ಕೆ ಕೇಳಿತೋ,
ಬೆಳಗಿನ ತನಕ ನಾನೂ ಅದನ್ನೇ ಕೇರಿದೆ.

ಕಾರ್ತೀಕದಲ್ಲಿ ಒಂದು ದಿನ, ನನಗೆ ಹೇಳದೆ,
ಕೋಳಿ ಕೂಗುವ ಮೊದಲೇ ಬಂದು ಮೇಡಂ
ಇಪ್ಪತ್ತು ಸತ್ತ ಕೋಳಿಮರಿ ಚೆಲ್ಲಿ ಹೋಗಿದ್ದರು,
ಕಾಲಿಗೆ ಕೆಂಪು ದಾರ.
ನನಗೆ ಸಿಕ್ಕಿದ್ದು ಹನ್ನೊಂದು.
ನಾಲ್ಕನ್ನು ಮುಂಗುಸಿ, ಕಾಗೆ ಮುಗಿಸಿದ್ದವು.
ಐದು ಅಲ್ಲೇ ಇದ್ದವು, ಬಾದೆ ಹುಲ್ಲಿನಲ್ಲಿ,
ನನ್ನ ಚಪ್ಪಲಿ ಗುರುತಿನ ಪಕ್ಕದಲ್ಲೇ.
ಬೈಯಲಿಲ್ಲ. 'ಎಲ್ಲರಿಗೂ ಹೀಗೇ' ಎಂದರು,
'ಇದರಿಂದ ನಿನ್ನ ಸೊನ್ನೆಗೆ ಎಷ್ಟು ಬೆಲೆ ಅಂತ ತಿಳಿಯುತ್ತೆ.'
ಕಿವಿ ಬಿಸಿಯಾಯಿತು.
ಅಂದಿನಿಂದ ಸೊನ್ನೆ ಬರೆಯುವಾಗ
ಅದರ ಬಾಯಿ ಪೂರ್ತಿ ಮುಚ್ಚುವುದಿಲ್ಲ.

ಹೋದ ಗುರುವಾರ ನವಿಲೊಂದು ಬಿದ್ದಿತ್ತು,
ನೂರಹನ್ನೆರಡನೇ ಮೀಟರಿನಲ್ಲಿ, ಹಳೇ ಕರೆಂಟು ತಂತಿಯ ಕೆಳಗೆ.
ನಮ್ಮ ತಾತನ ಕಾಲದಿಂದ ನಿಂತ ಕಂಬ ಅದು,
ಅದರ ಬುಡ ಸುತ್ತಲು ಯಾರಿಗೂ ಕೂಲಿ ಕೊಟ್ಟಿಲ್ಲ.
ಗರಿಯಲ್ಲೆಲ್ಲ ಸುಟ್ಟ ಕೂದಲಿನ ವಾಸನೆ.
ನನ್ನ ಟೇಪು ನೂರಕ್ಕೇ ಮುಗಿಯುತ್ತದೆ.
ಪುಸ್ತಕದ ರಟ್ಟಿನ ಮೇಲೆ ಬರೆದಿಟ್ಟೆ: ನವಿಲು, ಒಂದು.

ಸಂತೆಯಲ್ಲಿ ಇದಾಯತ್ತಣ್ಣ ಮತ್ತೆ ಕೇಳಿದ:
'ಹೇಳಮ್ಮ, ಆ ಫ್ಯಾನು ಒಳ್ಳೇದೋ ಕೆಟ್ಟದ್ದೋ?'
'ಎಣಿಸ್ತಾ ಇದೀನಣ್ಣ' ಅಂದೆ,
ಅರ್ಧ ಕೇಜಿ ತೂಗಿಸಿಕೊಂಡೆ.