ಷರಾ

ನಮೂನೆಯಲ್ಲಿ ಒಂಬತ್ತು ಕಾಲಂ. ಎಂಟು ಅಂಕಿಗೆ,
ಒಂಬತ್ತನೆಯದು ಷರಾ, ಬೆರಳಗಲದ ಜಾಗ.
ಅಲ್ಲಿ ಸಾಮಾನ್ಯವಾಗಿ ‘ಏನಿಲ್ಲ’ ಅಂತ ಬರೆಯುತ್ತೇನೆ.

ಅಂಕೋಲೆ ಶಾಖೆ, ಜುಲೈ ತಿಂಗಳು.
ಬಂದ ಓದುಗರು: ಆರುನೂರಾ ಹನ್ನೆರಡು.
ಮೇ ತಿಂಗಳ ಎರಡು ಪಟ್ಟು. ಹೇಗೆಂದು
ಕಾರವಾರದಿಂದ ನೀವು ಕೇಳುತ್ತೀರಿ. ಬೋಟು ಬಂದ್, ಸರ್.
ಕೇಣಿ, ಹಾರವಾಡ, ಬೆಲೇಕೇರಿಯ ಗಂಡಸರು
ಮನೆಯಲ್ಲಿ ಹೆಂಗಸರ ಕಾಲಿಗೆ ತೊಡಕಾಗುವುದು ಬೇಡವೆಂದು
ಒಂಬತ್ತರ ಬಸ್ಸು ಹತ್ತುತ್ತಾರೆ.
ಪೇಪರನ್ನು ಹರಿದ ಬಲೆಯ ಕಣ್ಣು ತಡಕಿದಂತೆ
ಮೂಲೆಮೂಲೆ ನೋಡುತ್ತಾರೆ:
ಟೆಂಡರು, ವಧು-ವರ, ಶ್ರದ್ಧಾಂಜಲಿ.
ಫ್ಯಾನಿನ ಕೆಳಗೆ ಒಣಗಲು ಹಾಕಿದ ನಿನ್ನೆಯ ಪುರವಣಿಯನ್ನೂ ಬಿಡುವುದಿಲ್ಲ.

ನಡೆಸಿದ ಕಾರ್ಯಕ್ರಮ: ನಾಲ್ಕು. ಶನಿವಾರದ ಕತೆ.
ಒಂದು ಶನಿವಾರ ಕರೆಂಟಿಲ್ಲ, ಕಿಟಕಿ ಬದಿ ನಿಂತು ಓದಿದೆ.
ತಿಮಿಂಗಿಲ ದೋಣಿ ನುಂಗುವ ಹೊತ್ತಿಗೆ ಹಿಂದಿನ ಸಾಲಿನ ಪೋರ ಎದ್ದು
‘ಅದು ಹಂಗೆ ನುಂಗೂದಿಲ್ರಿ ಅಕ್ಕೋರೆ, ನಮ್ಮಜ್ಜ ಕಂಡಾನೆ’ ಅಂದ.
ಆಮೇಲೆ ಕತೆ ಅವನದೇ ಆಯಿತು. ನಾನು ಪುಸ್ತಕ ಮುಚ್ಚಿದೆ.

ಐದನೆಯದೂ ಒಂದಿದೆ, ಅದಕ್ಕೆ ಹೆಸರಿಲ್ಲ.
ಬುಧವಾರ ಹೊನ್ನಿ ಗೌಡ ತರಕಾರಿ ಬುಟ್ಟಿ ಬಾಗಿಲಲ್ಲಿಟ್ಟು
ಸೆರಗಿನ ಗಂಟು ಬಿಚ್ಚುತ್ತಾಳೆ:
ಪಿಂಚಣಿ ಚೀಟಿ, ರೇಶನ್ನಿನ ನೋಟೀಸು, ಡಾಕ್ಟರ ಬರಹ.
ಒಂದೊಂದೇ ಓದಿ ಹೇಳಿದೆ.
‘ಹಂಗಾರೆ ಈ ವರ್ಷ ಸಾಯೂದಿಲ್ಲ’ ಎಂದು ಎದ್ದಳು.
ಕೊಡುಗೆಯಾಗಿ ಬಂದದ್ದು ಎಂಬ ಕಾಲಂ ಪುಸ್ತಕಕ್ಕೆ ಮಾತ್ರ.
ಎರಡು ಮೊಗೆಕಾಯಿಯನ್ನು ಎಲ್ಲಿ ಬರೆಯಲಿ?

ಕಳೆದ ಪುಸ್ತಕ: ಒಂದು.
ಮಕ್ಕಳ ವಿಭಾಗ. ದಪ್ಪಕ್ಷರದ ಅ ಆ ಇ ಈ. ಬೆಲೆ ಮೂವತ್ತೆಂಟು ರೂಪಾಯಿ.
ಇದರ ಬಗ್ಗೆ ತುಸು ಹೇಳಬೇಕು.

ಬಾಗಿಲ ಬಳಿಯ ಹಾಜರಿಯಲ್ಲಿ ಹೆಸರು, ಊರು, ಸಹಿ.
ಕೇಣಿಯ ಮಂಕಾಳಿ ಹರಿಕಂತ್ರ ಪೆನ್ನು ಹಿಡಿದು ಗಳಿಗೆ ನಿಂತು
ಮೇಲಿನವರ ಹೆಸರಿನ ಕೆಳಗೆ ಎರಡು ಗೀಟು ಎಳೆಯುತ್ತಾನೆ,
‘ಅದೇ, ಅದೇ’ ಎನ್ನುವ ಆ ಪುಟ್ಟ ಗೀಟು.
ಹೀಗಾಗಿ ದಾಖಲೆಯ ಪ್ರಕಾರ ಅವನು
ಹನ್ನೊಂದು ದಿನ ನಿವೃತ್ತ ಪೋಸ್ಟ್‌ಮಾಸ್ತರ ವೆಂಕಟ್ರಮಣ ಶಾನಭಾಗ,
ಮೂರು ದಿನ ಪಿ.ಎಸ್.ಐ. ಪರೀಕ್ಷೆಗೆ ಓದುವ ರೋಹಿಣಿ ನಾಯಕ.
ಒಂದು ದಿನ ಅವನೇ ಮೊದಲು ಬಂದ. ಮೇಲೆ ಯಾರೂ ಇಲ್ಲ.
ನಾನು ಬರೆದಿಟ್ಟ ‘ಸೋಮವಾರ’ದ ಕೆಳಗೆ ಗೀಟು ಹಾಕಿ
ಸೋಮವಾರವೇ ಆಗಿ ಒಳಗೆ ಹೋಗಿ ಕೂತ.

ಹದಿನೇಳರ ಮಧ್ಯಾಹ್ನ ಅದನ್ನು ಅಂಗಿಯೊಳಗೆ
ಹೊಟ್ಟೆಗೆ ಆನಿಸಿಕೊಂಡು ಒಯ್ದ. ಕಂಡೆ.
ಗೋಂದಿನ ಡಬ್ಬಿಯ ಮುಚ್ಚಳ ಹುಡುಕುತ್ತ ಮೇಜಿನಡಿ ತಲೆ ಹಾಕಿದೆ.
ಮುಚ್ಚಳ ಡಬ್ಬಿಯ ಮೇಲೇ ಇತ್ತು.
ಕೇಳಿದ್ದರೆ ಕಾರ್ಡಿಲ್ಲದೆಯೂ ಕೊಡುತ್ತಿದ್ದೆ.
ಆದರೆ ಕೇಳಬೇಕಲ್ಲ, ನಲವತ್ತಾರು ವರ್ಷದ ತಾಂಡೇಲ,
ತನ್ನದೇ ಬೋಟಿನ ಕಲಾಸಿಗಳು ಎದುರು ಬೆಂಚಿನಲ್ಲಿ ಕೂತಿರುವಾಗ.

ಮೂವತ್ತೊಂದು, ಬಂದ್‌ನ ಕೊನೆಯ ದಿನ.
ಹಾಜರಿಯಲ್ಲಿ ಗೀಟಿಲ್ಲ.
ಎರಡು ಮನೆ ದಾಟಿ, ಶಾಯಿ ಒತ್ತಿ, ಸೊನ್ನೆ ಒಂದಿಷ್ಟು ಕೆಳಗೆ ಜಾರಿ
ಮಂಕಾ
ಅಷ್ಟೇ. ‘ಳಿ’ ಇನ್ನೂ ಬಂದಿರಲಿಲ್ಲ.
ಳ ಇರುವುದು ಆ ಪುಸ್ತಕದ ಕೊನೆಯ ಹಾಳೆಯಲ್ಲಿ, ಸರ್.

ಅದಕ್ಕೆ ‘ಕಾಣೆ’ ಹೊಡೆದುಹಾಕಿ ‘ಎರವಲು’ ಎಂದು ತಿದ್ದಿದ್ದೇನೆ.
ಮರಳಿಸುವ ದಿನ: ಮುಂದಿನ ಜೂನ್ ಒಂದು.
ಈಗ ಅದು ಪಡುವಲಲ್ಲಿ ಎಲ್ಲೋ, ಇಂಜಿನ್ ಮನೆಯ ಹಲಗೆ ಮೇಲೆ,
ಡೀಸೆಲ್ಲು ಹತ್ತಿ, ಬಂಗಡೆಯ ಹುರುಪೆ ಅಂಟಿ.
ಸಂಚಾರಿ ಗ್ರಂಥಾಲಯಕ್ಕೆ ಅನುದಾನವಿಲ್ಲವೆಂದು
ಏಪ್ರಿಲ್‌ನಲ್ಲಿ ತಾವೇ ಬರೆದಿದ್ದಿರಿ.

ಜಾಗ ಮೀರಿತು, ಅಂಚಿನಲ್ಲಿ ಬರೆಯುತ್ತಿದ್ದೇನೆ.
ಸೀಲಿನ ಶಾಯಿ ಪೂರ್ತಿ ಮುಗಿದಿದೆ. ದಯಮಾಡಿ ಕಳಿಸಿ,
ನೀರು ಬಿದ್ದರೂ ಹೋಗದಂಥದ್ದು ಇದ್ದರೆ ಅದು.