ಆಗಸ್ಟ್ ತಿಂಗಳ ಊರು

ಹಲಸೂರಿನ ಬಜಾರ್ ಬೀದಿ. ಬಳೆ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ
ಒಬ್ಬ ಮನುಷ್ಯ, ಒಂದು ಸ್ಟೂಲು, ಒಂದು ಗಾಜಿನ ಪೆಟ್ಟಿಗೆ
ಹಿಡಿಸುವಷ್ಟೇ ಸಂದು.
ಅದು ಚೌರಪ್ಪನವರ ವಾಚ್ ರಿಪೇರಿ.
ನಾನು ಹೊಸ್ತಿಲ ಮೇಲೆ, ಪೆಟ್ರೋಲಿನ ಬಟ್ಟಲಲ್ಲಿ
ಹಲ್ಲುಚಕ್ರ ತೊಳೆಯುತ್ತ.

ಅವರ ತಲೆಯ ಹಿಂದೆ ಅರವತ್ತೆಂಟರ ಕ್ಯಾಲೆಂಡರು.
ಹನ್ನೊಂದು ಹಾಳೆ ಪುಸ್ತಕಕ್ಕೆ ರಟ್ಟು ಹಾಕಲು ಹೋಗಿ
ಆಗಸ್ಟ್ ಒಂದೇ ಉಳಿದಿತ್ತು:
ಸ್ವಿಸ್ ದೇಶದ ಯಾವುದೋ ಸರೋವರ, ದಡದಲ್ಲೊಂದು ಊರು.
ಊರಿನ ಹೆಸರಿದ್ದ ಅಂಚನ್ನು ಜಿರಳೆ ತಿಂದಿತ್ತು.

ಹೆಸರಿಲ್ಲದ್ದಕ್ಕೇ ಅದು ಅವರ ಊರಾಯಿತು.
'ಆ ಬಿಳಿ ಟೋಪಿ ನೋಡು, ಬೇಕರಿಯವನು.
ನಮ್ಮ ತಾತನ ಹಾಗೆ ನಾಲ್ಕಕ್ಕೇ ಎದ್ದು ಒಲೆ ಹಚ್ತಾನೆ.
ಕೊಡೆಯ ಹೆಂಗಸು ವಿಧವೆ. ಗಂಡ ದೋಣಿ ಕಂಪನಿಯಲ್ಲಿದ್ದ.
ಗೋಪುರದ ಗಡಿಯಾರ ನೋಡು, ಹತ್ತು ಇಪ್ಪತ್ತು.
ನಾನು ನೋಡ್ದಾಗಿನಿಂದ
ಒಂದು ನಿಮಿಷ ಆಚೀಚೆ ಇಲ್ಲ.'

ನಮ್ಮ ಕೆರೆ ಅಲ್ಲಿಂದ ಕೂಗಳತೆ.
ಊರಿಗೆ ಹೆಸರು ಕೊಟ್ಟ ಹಲಸಿನ ತೋಪನ್ನು ಕಂಡವರು ಯಾರೂ ಉಳಿದಿಲ್ಲ.
ಯಾರೋ ಏರಿ ಕಟ್ಟಿದರು, ಯಾರೋ ತೂಬು ಎತ್ತಿದರು,
ತಿಗಳರು ಕೆಳಗೆ ಸೊಪ್ಪು ಬೆಳೆದರು. ಆಮೇಲೆ ದಂಡು ಬಂತು,
ಚೌರಪ್ಪನವರ ತಾತ ದಂಡಿಗೆ ಬ್ರೆಡ್ಡು ಸುಟ್ಟರು.
ಅಜ್ಜಿ ಅದೇ ನೀರು ಕುಡಿದು ತೊಂಬತ್ತು ಬಾಳಿದರು.
ನಾವೋ, ಗಾಳಿ ಆ ಕಡೆಯಿಂದ ಬೀಸಿದರೆ
ಊಟದ ತಟ್ಟೆ ಎತ್ತಿಕೊಂಡು ಒಳಕೋಣೆಗೆ.

'ಕೆರೆ ಅಂದ್ರೆ ಅದಪ್ಪಾ' ಅನ್ನುವರು,
ಚಿಮಟದ ತುದಿ ಗೋಡೆಗೆ ತೋರಿ.

ಮೀನು ಹೊಟ್ಟೆ ಮೇಲೆ ಮಾಡಿ ತೇಲಿದ ಬೇಸಿಗೆ
ಸಿಸ್ಟರ್ ವೆರೇನಾ ಬಂದರು.
ಕಾನ್ವೆಂಟಿನ ಔಷಧದ ಕೋಣೆಯಲ್ಲಿ ಕಲಿತ ಕನ್ನಡ,
'ಎಲ್ಲಿ ನೋವು', 'ನಾಲ್ಗೆ ತೋರ್ಸು' ಅನ್ನುವ ಕನ್ನಡ.
ಅಪ್ಪನ ವಾಚು. ದಿನಕ್ಕೆ ಆರು ನಿಮಿಷ ಹಿಂದೆ.
ಚೌರಪ್ಪ ಭೂತಗನ್ನಡಿಯೊಳಗೆ ಹೊಕ್ಕರು,
ಆಕೆ ಗೋಡೆಯೊಳಗೆ.

ತನ್ನ ಊರೇನಲ್ಲ. ಪಕ್ಕದ್ದು. ಸರೋವರ ಮಾತ್ರ ಒಂದೇ.
'ಅರವತ್ತೆಂಟಾ?' ಎಂದರು. 'ಆಗ ಅದಕ್ಕೆ ಕಾಯಿಲೆ.
ನೀರಿಗೆ ಇಳೀಬೇಡಿ ಅಂತ ಹಲಗೆ ಇತ್ತು.
ಪಾಚಿ, ಸೋಪಿನ ನೊರೆ, ವಾಸನೆ.
ಅಮ್ಮ ಕಿಟಕಿ ಮುಚ್ಚೋಳು.'

'ಮತ್ತೆ ಈ ನೀಲಿ?'

'ಅದು ಪ್ರೆಸ್ಸಿನವರದ್ದು.'

ಚೌರಪ್ಪನವರ ಚಿಮಟದಿಂದ ಒಂದು ಸ್ಕ್ರೂ ಜಾರಿತು,
ನಾನು ಕಂಡಂತೆ ಅದೇ ಮೊದಲು.
ಮೂವರೂ ಮೊಣಕಾಲೂರಿ ನೆಲ ಸವರಿದೆವು.
ಪಾತ್ರೆ ಅಂಗಡಿಯವನು ಇಣುಕಿ 'ಏನ್ ಕಳ್ಕೊಂಡ್ರಿ?' ಎಂದ.
ಸಿಸ್ಟರು ನೆಲದಿಂದ ತಲೆ ಎತ್ತದೆ
ಅವನಿಗಲ್ಲ, ಚೌರಪ್ಪನವರಿಗೆ ಹೇಳಿದರು:
'ಈಗ ಮಕ್ಕಳು ಈಜ್ತಾರೆ. ಚರಂಡಿಗೆ ಬೇರೆ ಪೈಪು ಹಾಕಿದ್ರು.
ಇಪ್ಪತ್ತು ವರ್ಷ ಜಗಳ ಆಡಿದ್ರು, ಯಾರ ದುಡ್ಡು ಅಂತ.'

ಸ್ಕ್ರೂ ನನ್ನ ಚಪ್ಪಲಿಗೆ ಅಂಟಿತ್ತು.

ಕ್ಯಾಲೆಂಡರನ್ನು ಅವರು ತೆಗೆಯಲಿಲ್ಲ.
ಬೇಕರಿಯವನ ಸುದ್ದಿ ಮಾತ್ರ ನಿಂತಿತು.
ಸಂಜೆ ಬಾಗಿಲೆಳೆದು ಕೆರೆಯ ಕಡೆ ಹೋಗಿ
ಕಂಬಿ ಹಿಡಿದು ನಿಲ್ಲುವರು; ಗಿರಾಕಿ ತಂದ ಕೆಟ್ಟ ವಾಚನ್ನು
ಬಿಚ್ಚುವ ಮೊದಲು ಕಿವಿಗೆ ಹಿಡಿಯುತ್ತಾರಲ್ಲ,
ಆ ಮುಖ.

ಅಂಗಡಿ ಈಗ ನನ್ನದು. ಗೋಡಿಯಾರಕ್ಕೆ ಬ್ಯಾಟರಿ, ಮೊಬೈಲಿಗೆ ಗಾಜು.
ಮೊನ್ನೆ ಹಳೆಯ ರಸೀತಿ ಪುಸ್ತಕ ಸಿಕ್ಕಿತು, ಕಾರ್ಬನ್ನಿನ ನೀಲಿ:

ಸಾಮಾನು: ಕೆರೆ, ಒಂದು.
ದೂರು: ನಿಂತಿದೆ. ವಾಸನೆ.
ಗಿರಾಕಿ: ಎಸ್. ಚೌರಪ್ಪ.
ಮುಂಗಡ: ಹನ್ನೊಂದು ರೂಪಾಯಿ.
ವಾಪಸು ಕೊಡುವ ದಿನ: ಏನೋ ಬರೆದು, ಬ್ಲೇಡಿನಲ್ಲಿ ಕೆರೆದಿದ್ದಾರೆ.

ಗುಂಡುಪಿನ್ನು ತುಕ್ಕು ಹಿಡಿದಿದೆ.
ನೋಟು, ನಾಣ್ಯ ಹಾಗೇ ಇವೆ.